ಪಿ.ಬಿ. ರಸ್ತೆಯ ಲಾರಿ ಕಂಪನಿಗಳು: ಹಳೆಯ ಚಾಲಕರ ನೆನಪಿನಲ್ಲಿ ದುಡಿಮೆ ಮತ್ತು ಬಿಡುವು

ಬೆಳಗಾವಿಯಿಂದ ದಾವಣಗೆರೆಯವರೆಗಿನ ಊರುಗಳಲ್ಲಿ ‘ಪಿ.ಬಿ. ರೋಡ್’ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಪುಣೆ–ಬೆಂಗಳೂರು ರಸ್ತೆ ಎಂಬುದರ ಹ್ರಸ್ವರೂಪವಿದು. ಸರ್ಕಾರದ ದಾಖಲೆಗಳಲ್ಲಿ ದೀರ್ಘಕಾಲ ರಾಷ್ಟ್ರೀಯ ಹೆದ್ದಾರಿ 4 ಎನಿಸಿಕೊಂಡಿದ್ದ ಈ ರಸ್ತೆ, 2010ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳನ್ನು ನೀಡಿದ ಬಳಿಕ 48 ಆಯಿತು. ಜನರ ನಾಲಿಗೆಯಲ್ಲಿ ಮಾತ್ರ ಅದು ಪಿ.ಬಿ. ರೋಡ್ ಆಗಿಯೇ ಉಳಿದಿದೆ.

ಹಾವೇರಿ ಜಿಲ್ಲೆಯ ಶಿಗ್ಗಾವಿ ಈ ರಸ್ತೆಯ ಮೇಲಿರುವ ತಾಲೂಕು ಕೇಂದ್ರ. ಅದೇ ತಾಲೂಕಿನ ದುಂಡಸಿಯಂತಹ ಒಳನಾಡಿನ ಊರುಗಳ ಹತ್ತಿ, ಮೆಣಸಿನಕಾಯಿ, ಶೇಂಗಾ ಹೊರಜಗತ್ತಿಗೆ ಸಾಗುತ್ತಿದ್ದುದು ಈ ಹೆದ್ದಾರಿಯ ಮೂಲಕವೇ. ಆ ಸರಕನ್ನು ಹೊತ್ತವು ಲಾರಿಗಳು. ಲಾರಿಗಳಿಗೆ ಹೆಸರು ಕೊಟ್ಟವು ಟ್ರಾನ್ಸ್‌ಪೋರ್ಟ್ ಕಂಪನಿಗಳು. ಹಗಲಿರುಳು ಅವುಗಳನ್ನು ನಡೆಸಿದವರು ಚಾಲಕರು ಮತ್ತು ಕ್ಲೀನರುಗಳು. ವಯಸ್ಸಾದ ಚಾಲಕರು ಇಂದು ಒಂದೆಡೆ ಕಲೆತರೆ ಅವರ ಮಾತು ಹಳೆಯ ಕಂಪನಿಗಳ ಹೆಸರಿನಿಂದ ಆರಂಭವಾಗಿ, ಬಹುಬೇಗ ಬಿಡುವಿನ ವೇಳೆಯತ್ತ ಹೊರಳುತ್ತದೆ. ಎಲ್ಲಿ ಉಂಡೆವು, ಎಲ್ಲಿ ಮಲಗಿದೆವು, ಯಾವ ಗೋದಾಮಿನ ಮುಂದೆ ಎಷ್ಟು ದಿನ ಕಾದೆವು ಎಂಬುದೇ ಅವರ ನೆನಪಿನ ತಿರುಳು. ಇದಕ್ಕೆ ಕಾರಣವುಂಟು. ಅವರ ವಿಶ್ರಾಂತಿಯನ್ನು ನಿರ್ಧರಿಸುತ್ತಿದ್ದುದು ಕಾನೂನಾಗಲಿ ಗಡಿಯಾರವಾಗಲಿ ಅಲ್ಲ, ಲೋಡು ಸಿಗುವ ಮತ್ತು ಸಿಗದಿರುವ ಸಂಗತಿ.

ಹಳಿಯ ಅಳತೆ ಮತ್ತು ಲಾರಿಯ ಉದಯ

ಈ ಭಾಗದಲ್ಲಿ ಲಾರಿ ಉದ್ಯಮ ಬೆಳೆಯಲು ರೈಲಿನ ಇತಿಹಾಸವೂ ಒಂದು ಕಾರಣ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯನ್ನು ಕೇಂದ್ರವಾಗಿರಿಸಿ ಹಾಕಿದ ಹಳಿ ಮೀಟರ್ ಗೇಜಿನದು. ಮುಂಬಯಿ ಕಡೆಯ ಪ್ರಮುಖ ಮಾರ್ಗಗಳು ಬ್ರಾಡ್ ಗೇಜಿನವು. ಎರಡು ಅಳತೆಯ ಹಳಿಗಳು ಸೇರುವಲ್ಲಿ ಸರಕನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. ಪುಣೆ–ಮೀರಜ್ ಮಾರ್ಗ 1971ರಲ್ಲಿ ಬ್ರಾಡ್ ಗೇಜ್ ಆದಮೇಲೂ, ಮೀರಜಿನಿಂದ ಹುಬ್ಬಳ್ಳಿಯ ಮೂಲಕ ಬೆಂಗಳೂರಿನವರೆಗಿನ ಮಾರ್ಗದ ಪರಿವರ್ತನೆಗೆ 1990ರ ದಶಕದವರೆಗೆ ಕಾಯಬೇಕಾಯಿತು. ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ಪಟ್ಟಣಗಳನ್ನಂತೂ ರೈಲು ಮುಟ್ಟಲೇ ಇಲ್ಲ. ಅಂಗಡಿಯ ಬಾಗಿಲಲ್ಲಿ ಏರಿಸಿ ಪರವೂರಿನ ಅಂಗಡಿಯ ಬಾಗಿಲಲ್ಲಿ ಇಳಿಸುವ ಲಾರಿಯನ್ನು ವರ್ತಕರು ನೆಚ್ಚಿಕೊಂಡದ್ದು ಸಹಜವೇ ಆಗಿತ್ತು.

ಎರಡನೆಯ ಕಾರಣ ಬಸ್ಸುಗಳ ರಾಷ್ಟ್ರೀಕರಣ. 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲೂ ಮೈಸೂರು ಸಂಸ್ಥಾನದಲ್ಲೂ ಸರ್ಕಾರಿ ಬಸ್ ಸಂಚಾರ ಆರಂಭವಾಯಿತು. ಪ್ರಯಾಣಿಕರ ಸಾರಿಗೆ ಕ್ರಮೇಣ ಸರ್ಕಾರದ ಕೈ ಸೇರಿದರೂ ಸರಕು ಸಾಗಣೆ ಖಾಸಗಿಯವರ ಪಾಲಿಗೇ ಉಳಿಯಿತು.

ಮೂರನೆಯದು ವಾಹನಗಳ ಲಭ್ಯತೆ. ಜರ್ಮನಿಯ ಡೈಮ್ಲರ್–ಬೆಂಝ್ ಸಂಸ್ಥೆಯ ಸಹಯೋಗದಲ್ಲಿ ಟೆಲ್ಕೋ 1954ರಲ್ಲಿ ಲಾರಿ ತಯಾರಿಕೆಗೆ ಇಳಿಯಿತು. ಆ ಒಪ್ಪಂದ 1969ರಲ್ಲಿ ಮುಗಿದು, ಲಾರಿಯ ಮೂತಿಯಿಂದ ಮೂರು ಮೊನೆಯ ನಕ್ಷತ್ರ ಮರೆಯಾಯಿತು. ಆದರೂ ಎಷ್ಟೋ ವರ್ಷಗಳವರೆಗೆ ಚಾಲಕರ ಬಾಯಲ್ಲಿ ಅದು ‘ಬೆಂಝ್ ಗಾಡಿ’ಯೇ ಆಗಿತ್ತು. ಚೆನ್ನೈನ ಅಶೋಕ್ ಲೇಲ್ಯಾಂಡ್ ಇನ್ನೊಂದು ಪ್ರಬಲ ಹೆಸರು.

ಒಂದು ಲಾರಿಯಿಂದ ಆರಂಭವಾದ ಕಂಪನಿಗಳು

ದೇಶದ ದೊಡ್ಡ ಸಾಗಣೆ ಸಂಸ್ಥೆಗಳ ಪೈಕಿ ಹಲವು ಒಂದೇ ಲಾರಿಯಿಂದ ಆರಂಭವಾದವು. ಪ್ರಭುದಯಾಳ ಅಗರವಾಲ್ ಅವರು 1958ರಲ್ಲಿ ಕಲ್ಕತ್ತೆಯಲ್ಲಿ ಕಟ್ಟಿದ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್ ಆಫ್ ಇಂಡಿಯಾ ಅಂತಹುದೊಂದು. ಕರ್ನಾಟಕದಲ್ಲಿ ಈ ಮಾತಿಗೆ ಎಲ್ಲರೂ ಬಲ್ಲ ನಿದರ್ಶನ ವಿಜಯಾನಂದ ರೋಡ್‌ಲೈನ್ಸ್. ಗದಗಿನ ಮುದ್ರಣ ಮತ್ತು ಪ್ರಕಾಶನ ಮನೆತನದ ವಿಜಯ ಸಂಕೇಶ್ವರ ಅವರು 1976ರಲ್ಲಿ ಒಂದು ಲಾರಿಯಿಂದ ಈ ವ್ಯವಹಾರಕ್ಕೆ ಇಳಿದರು. ಮುಂದೆ ಹುಬ್ಬಳ್ಳಿ ಅವರ ಕಾರ್ಯಕ್ಷೇತ್ರವಾಯಿತು. 1983ರಲ್ಲಿ ಅದು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಗೊಂಡಿತು. 2006ರಲ್ಲಿ ವಿಆರ್‌ಎಲ್ ಲಾಜಿಸ್ಟಿಕ್ಸ್ ಎಂಬ ಹೆಸರು ಪಡೆಯಿತು. 2015ರಲ್ಲಿ ಷೇರು ಮಾರುಕಟ್ಟೆ ಪ್ರವೇಶಿಸಿತು. ಅದರ ಮುಖ್ಯ ಕಚೇರಿ ಇರುವುದು ಹುಬ್ಬಳ್ಳಿಯಿಂದ ಶಿಗ್ಗಾವಿಗೆ ಹೋಗುವ ಹೆದ್ದಾರಿಯ ಮೇಲಿನ ವರೂರಿನಲ್ಲಿ. ಸಂಕೇಶ್ವರ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. 2022ರ ಡಿಸೆಂಬರಿನಲ್ಲಿ ಅವರ ಜೀವನವನ್ನು ಆಧರಿಸಿದ ‘ವಿಜಯಾನಂದ’ ಚಲನಚಿತ್ರವೂ ತೆರೆಗೆ ಬಂದಿತು.

ಇಂತಹ ಏಳಿಗೆಯ ಕಥೆ ಹೇಳುವಾಗ ಮಾಲೀಕನ ಹೆಸರು ಮುಂದೆ ಬರುತ್ತದೆ. ಅದೇ ದಶಕಗಳಲ್ಲಿ ಹುಬ್ಬಳ್ಳಿ, ದಾವಣಗೆರೆ, ರಾಣೆಬೆನ್ನೂರುಗಳಲ್ಲಿ ಹುಟ್ಟಿ ಕೆಲವು ವರ್ಷ ಬಾಳಿ ಮುಚ್ಚಿಹೋದ ಸಣ್ಣ ಕಂಪನಿಗಳಿಗೆ ಲೆಕ್ಕವಿಲ್ಲ. ಅವುಗಳ ಫಲಕಗಳು ಅಳಿಸಿಹೋಗಿವೆ. ಬಿಲ್ಟಿ ಪುಸ್ತಕಗಳು ರದ್ದಿಗೆ ಸೇರಿವೆ. ಅಂತಹ ಕಂಪನಿಗಳು ಇದ್ದವೆಂಬುದಕ್ಕೆ ಎಷ್ಟೋ ವೇಳೆ ಚಾಲಕರ ನೆನಪೇ ಉಳಿದಿರುವ ದಾಖಲೆ.

ಬುಕಿಂಗ್ ಕಚೇರಿಯ ಲೋಕ

ಲಾರಿ ಬಾಡಿಗೆಯಲ್ಲಿ ಎರಡು ಬಗೆಗಳುಂಟು. ಒಬ್ಬನೇ ವರ್ತಕನ ಸರಕನ್ನು ಪೂರ್ತಿ ತುಂಬಿ ಒಯ್ಯುವುದು ಒಂದು. ಹಲವು ವರ್ತಕರ ಸಣ್ಣಪುಟ್ಟ ಗಂಟುಗಳನ್ನು ಕೂಡಿಸಿ ಒಯ್ಯುವ ಪಾರ್ಸೆಲ್ ಸೇವೆ ಇನ್ನೊಂದು. ಪಾರ್ಸೆಲ್ ಕಂಪನಿಗೆ ಊರೂರಿನಲ್ಲಿ ಬುಕಿಂಗ್ ಕಚೇರಿ, ದೊಡ್ಡ ಊರಿನಲ್ಲಿ ಗೋದಾಮು, ಅಲ್ಲಿ ಹಮಾಲರು ಮತ್ತು ಗುಮಾಸ್ತರು ಬೇಕು. ಸಣ್ಣ ಊರಿನಿಂದ ಬಂದ ಗಂಟು ಹುಬ್ಬಳ್ಳಿಯಲ್ಲಿ ಇಳಿದು, ಮುಂಬಯಿಯದು ಮುಂಬಯಿ ಗಾಡಿಗೆ, ಬೆಂಗಳೂರಿನದು ಬೆಂಗಳೂರು ಗಾಡಿಗೆ ಏರುತ್ತದೆ.

ಈ ವ್ಯವಸ್ಥೆಯ ಆಧಾರ ‘ಬಿಲ್ಟಿ’ ಎಂಬ ಚೀಟಿ. ಸರಕು ಯಾರದು, ಯಾರಿಗೆ, ಎಷ್ಟು ಗಂಟು, ಬಾಡಿಗೆಯನ್ನು ಕಳಿಸುವವನು ತೆತ್ತಿದ್ದಾನೆಯೋ ಪಡೆಯುವವನು ತೆರಬೇಕೋ ಎಂಬುದೆಲ್ಲ ಅದರಲ್ಲಿರುತ್ತಿತ್ತು. ಬಿಲ್ಟಿ ತಂದವನಿಗೆ ಮಾತ್ರ ಸರಕು. 1865ರ ಕ್ಯಾರಿಯರ್ಸ್ ಕಾಯ್ದೆ ಒಂದೂವರೆ ಶತಮಾನದಷ್ಟು ಕಾಲ ಸಾಗಣೆದಾರರ ಹೊಣೆಯನ್ನು ನಿಗದಿಪಡಿಸಿತ್ತು. ಅದರ ಸ್ಥಾನಕ್ಕೆ ಬಂದದ್ದು 2007ರ ರಸ್ತೆ ಸಾಗಣೆ ಕಾಯ್ದೆ.

ಚಾಲಕನಿಗೆ ಬುಕಿಂಗ್ ಕಚೇರಿ ಇನ್ನೂ ಹೆಚ್ಚಿನದಾಗಿತ್ತು. ಮನೆಯ ಕಾಗದ ಬಂದು ಬೀಳುತ್ತಿದ್ದುದು ಅಲ್ಲಿ. ಮನೆಯಲ್ಲಿ ಹೆರಿಗೆಯಾದ, ಸಾವು ಸಂಭವಿಸಿದ ಸುದ್ದಿ ಮುಟ್ಟುತ್ತಿದ್ದುದು ಅಲ್ಲಿನ ದೂರವಾಣಿಯಿಂದ. ಮುಂಗಡ ಹಣ ಕೇಳುತ್ತಿದ್ದುದು ಅಲ್ಲಿನ ಗುಮಾಸ್ತನನ್ನು. ಸಂಬಳ ಕಡಿಮೆಯಾದರೂ ದಿನದ ಖರ್ಚಿಗೆಂದು ಸಿಗುತ್ತಿದ್ದ ‘ಬಾಟಾ’ದಲ್ಲಿ ಉಳಿಸಿದ್ದೇ ಗಳಿಕೆ. ಮೊಬೈಲ್ ಬರುವ ಮುನ್ನಿನ ದಿನಗಳಲ್ಲಿ ಕಂಪನಿ ಎಂದರೆ ಚಾಲಕನ ಪಾಲಿಗೆ ವಿಳಾಸ. ಇಂತಹ ಕಂಪನಿಯ ಗಾಡಿ ಎಂದರೆ ಢಾಬಾದವನು ಸಾಲ ಕೊಡುತ್ತಿದ್ದ, ಮೆಕ್ಯಾನಿಕ್ ನಂಬಿ ಕೆಲಸ ಮಾಡುತ್ತಿದ್ದ ಎಂಬ ಮಾತನ್ನು ಹಳಬರು ಇಂದಿಗೂ ಹೆಮ್ಮೆಯಿಂದ ಹೇಳುವುದುಂಟು.

ಕ್ಲೀನರನಿಂದ ಚಾಲಕನವರೆಗೆ

ಆ ಕಾಲದಲ್ಲಿ ಚಾಲಕರನ್ನು ತಯಾರು ಮಾಡುತ್ತಿದ್ದುದು ಶಾಲೆಯಲ್ಲ, ಲಾರಿ. ಹಳ್ಳಿಯ ಹುಡುಗ ಮೊದಲು ಕ್ಲೀನರನಾಗಿ ಸೇರುತ್ತಿದ್ದ. ಗಾಲಿಗೆ ಕಲ್ಲು ಕೊಡುವುದು, ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುವುದು, ರೇಡಿಯೇಟರಿಗೆ ನೀರು ಹಾಕುವುದು, ಒಲೆ ಹೊತ್ತಿಸಿ ಅನ್ನ ಬೇಯಿಸುವುದು ಅವನ ಕೆಲಸ. ಕೆಲವು ವರ್ಷಗಳಲ್ಲಿ ಬಯಲು ರಸ್ತೆಯಲ್ಲಿ ಚಕ್ರ ಹಿಡಿಯಲು ಅನುಮತಿ ಸಿಗುತ್ತಿತ್ತು. ಅಂಕೋಲೆ ರಸ್ತೆಯ ಅರಬೈಲು ಘಟ್ಟ, ಸಾತಾರಾ–ಪುಣೆ ನಡುವಿನ ಖಂಬಾಟಕಿ ಘಟ್ಟಗಳಲ್ಲಿ ಗಾಡಿ ಇಳಿಸಿದ ಮೇಲೆ ಅವನನ್ನು ಚಾಲಕನೆಂದು ಹಿರಿಯರು ಒಪ್ಪುತ್ತಿದ್ದರು. ಪವರ್ ಸ್ಟಿಯರಿಂಗ್ ಇಲ್ಲದ ಆ ಗಾಡಿಗಳಲ್ಲಿ ತಿರುವು ದಾಟಿಸುವುದಕ್ಕೆ ತೋಳಿನ ಬಲವೇ ಬೇಕಿತ್ತು. ಚಾಸಿಯ ಮೇಲೆ ಬಡಗಿಗಳು ಕಟ್ಟುತ್ತಿದ್ದ ಕಟ್ಟಿಗೆಯ ಕ್ಯಾಬಿನ್ನಿನಲ್ಲಿ ಎಂಜಿನಿನ ಕಾವು ಕಾಲಿಗೆ ತಾಗುತ್ತಿತ್ತು.

ಗುರು–ಶಿಷ್ಯರ ಈ ಪರಂಪರೆಯಲ್ಲಿ ಬೈಗುಳ, ಪೆಟ್ಟು, ಎಳೆಯ ವಯಸ್ಸಿನ ದುಡಿಮೆ ಎಲ್ಲವೂ ಇದ್ದವು ಎಂಬುದನ್ನು ಮರೆಯಬಾರದು. ಆದರೆ ರಾತ್ರಿಯ ರಸ್ತೆಯಲ್ಲಿ ಚಾಲಕನ ಕಣ್ಣು ಎಳೆದಾಗ ಪಕ್ಕದಲ್ಲಿ ಎಚ್ಚರಿಸುವ ಒಂದು ಜೀವವೂ ಇತ್ತು.

ಬಿಡುವಿನ ಹೊತ್ತು

ಲೋಡು ಇಳಿಸಿದ ಮೇಲೆ ಮರಳಿ ಬರಲು ಸರಕು ಬೇಕು. ಖಾಲಿ ಬಂದರೆ ಡೀಸೆಲ್ ಖರ್ಚೂ ಗಿಟ್ಟದು. ಆದ್ದರಿಂದ ಮುಂಬಯಿಯ ಮಸ್ಜಿದ್ ಬಂದರಿನಲ್ಲೋ ಬೆಂಗಳೂರಿನ ಕಲಾಸಿಪಾಳ್ಯದಲ್ಲೋ ಒಂದು ದಿನ, ಎರಡು ದಿನ, ಕೆಲವೊಮ್ಮೆ ವಾರ ಕಾಯಬೇಕಾಗುತ್ತಿತ್ತು. ಚಾಲಕರು ‘ಬಿಡುವು’ ಎಂದು ಕರೆಯುವುದು ಈ ಕಾಯುವಿಕೆಯನ್ನೇ.

ಆಗ ಬಟ್ಟೆ ಒಗೆಯುವುದು, ಲಾರಿಯ ನೆರಳಿನಲ್ಲಿ ಸ್ಟೋವ್ ಹಚ್ಚಿ ಅಡುಗೆ ಮಾಡುವುದು, ಇಸ್ಪೀಟು, ಸಿನಿಮಾ, ನಿದ್ದೆ. ಒಂದೇ ಸೀಮೆಯವರ ಗಾಡಿಗಳು ಒಟ್ಟಿಗೆ ನಿಂತರೆ ಒಬ್ಬರ ಅಕ್ಕಿ, ಇನ್ನೊಬ್ಬರ ಬೇಳೆ ಸೇರಿ ಊಟವಾಗುತ್ತಿತ್ತು. ಊರಿನಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ವಾರಗಟ್ಟಲೆ ಕೆಡದೆ ಬಾಳುತ್ತಿತ್ತು. ಹುಬ್ಬಳ್ಳಿಗೆ ಮರಳಿದಾಗ ಲಿಂಗಾಯತ ಖಾನಾವಳಿಯ ಜೋಳದ ರೊಟ್ಟಿ ಅಥವಾ ಸಾವಜಿ ಹೋಟೆಲಿನ ಖಾರದ ಊಟ. ದಾರಿಯಲ್ಲಿ ಮಿರ್ಚಿ, ಗಿರಮಿಟ್. ಬಾಯಿಗೆ ಸವಣೂರಿನ ಎಲೆ. ಆಯುಧ ಪೂಜೆಯ ದಿನ ಗಾಡಿ ತೊಳೆದು, ಬಾಳೆಕಂಬ ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಡುವುದು ಮಾಲೀಕನೂ ಕ್ಲೀನರನೂ ಒಟ್ಟಿಗೆ ನಿಲ್ಲುತ್ತಿದ್ದ ಅಪರೂಪದ ಸಂದರ್ಭವಾಗಿತ್ತು.

ಈ ಬಿಡುವಿಗೆ ಕತ್ತಲೆಯ ಮುಖವೂ ಇತ್ತು. ತಿಂಗಳುಗಟ್ಟಲೆ ಮನೆಯಿಂದ ದೂರವಿರುವ ಬದುಕಿನಲ್ಲಿ ಕುಡಿತ, ಜೂಜು ಸುಲಭವಾಗಿ ಅಂಟಿಕೊಂಡವು. 1990ರ ದಶಕದಲ್ಲಿ ಏಡ್ಸ್ ಹರಡತೊಡಗಿದಾಗ ಹೆದ್ದಾರಿಯ ತಂಗುದಾಣಗಳೇ ಅರಿವು ಕಾರ್ಯಕ್ರಮಗಳ ಮುಖ್ಯ ನೆಲೆಯಾದವು. 2003ರಲ್ಲಿ ಆರಂಭವಾದ ‘ಆವಾಹನ್’ ಯೋಜನೆಯಡಿ ಟಿಸಿಐ ಪ್ರತಿಷ್ಠಾನ ದೇಶದ ಹಲವು ಹೆದ್ದಾರಿಗಳಲ್ಲಿ ಚಾಲಕರಿಗಾಗಿ ಚಿಕಿತ್ಸಾಲಯಗಳನ್ನು ನಡೆಸಿತು. ಚಾಲಕರು ಮನೆಯ ಮಂದಿಯ ಮುಂದೆ ಆಡುವ ನೆನಪುಗಳಲ್ಲಿ ಈ ಅಧ್ಯಾಯ ಬರುವುದಿಲ್ಲ. ಹಾಗೆಂದು ಅದು ಇಲ್ಲದ ಮಾತಲ್ಲ.

ಕಾನೂನಿನ ವಿಶ್ರಾಂತಿ

ಚಾಲಕರ ವಿಶ್ರಾಂತಿಗೆಂದು ಕಾನೂನು ಇರಲಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆಯನ್ನು ನಿಗದಿಪಡಿಸಿತ್ತು. ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆಯ ವಿರಾಮ, ವಾರಕ್ಕೊಂದು ರಜೆ, ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ, ರಾತ್ರಿ ತಂಗಬೇಕಾದ ಸ್ಥಳಗಳಲ್ಲಿ ವಿಶ್ರಾಂತಿ ಕೊಠಡಿ ಇವೆಲ್ಲವೂ ಅದರಲ್ಲಿದ್ದವು. ಮೋಟಾರು ವಾಹನ ಕಾಯ್ದೆಯ 91ನೆಯ ಕಲಮು ಇದೇ ದುಡಿಮೆಯ ಮಿತಿಯನ್ನು ಚಾಲಕರಿಗೆ ಅನ್ವಯಿಸಿತು.

ತೊಡಕು ಇದ್ದದ್ದು ಕಾಯ್ದೆಯ ವ್ಯಾಪ್ತಿಯಲ್ಲಿ. ಐದು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಮಾತ್ರ 1961ರ ಕಾಯ್ದೆ ತಾನಾಗಿ ಅನ್ವಯವಾಗುತ್ತಿತ್ತು. ಭಾರತದ ಲಾರಿಗಳಲ್ಲಿ ಬಹುಪಾಲು ಇರುವುದು ಒಂದೆರಡು ಗಾಡಿಗಳ ಸಣ್ಣ ಮಾಲೀಕರ ಕೈಯಲ್ಲಿ. ದೊಡ್ಡ ಕಂಪನಿಗಳಲ್ಲಿ ಹಲವು ತಮ್ಮ ಗಾಡಿಗಳ ಜತೆಗೆ ಇಂತಹ ಹೊರಗಿನ ಲಾರಿಗಳನ್ನೂ ಬಾಡಿಗೆಗೆ ಹಿಡಿಯುತ್ತವೆ. ಲಾರಿಯ ತಾಡಪತ್ರಿಯ ಮೇಲೆ ಕಂಪನಿಯ ಹೆಸರಿದ್ದರೂ ಅದನ್ನು ನಡೆಸುವವನು ಆ ಕಂಪನಿಯ ನೌಕರನಾಗಿರಬೇಕೆಂದಿಲ್ಲ. ಭವಿಷ್ಯನಿಧಿ, ಪಿಂಚಣಿಗಳ ಮಾತೂ ಹೀಗೆಯೇ. ನಲವತ್ತು ವರ್ಷ ಚಕ್ರ ಹಿಡಿದವನ ಬಳಿ ಯಾವ ಕಂಪನಿಯಲ್ಲಿ ಎಷ್ಟು ವರ್ಷ ದುಡಿದೆ ಎಂದು ತೋರಿಸಲು ಒಂದು ಚೀಟಿಯೂ ಇಲ್ಲದಿರುವುದು ಸಾಮಾನ್ಯ.

ನ್ಯಾಷನಲ್ ಪರ್ಮಿಟ್ ಪಡೆದ ಲಾರಿಯಲ್ಲಿ ಇಬ್ಬರು ಚಾಲಕರು ಇರಲೇಬೇಕೆಂಬ ನಿಯಮವೂ ಇತ್ತು. 2018ರ ತಿದ್ದುಪಡಿಯಲ್ಲಿ ಆ ಕಡ್ಡಾಯವನ್ನು ಕೈಬಿಡಲಾಯಿತು.

ರಸ್ತೆ ಹಿರಿದಾಯಿತು, ಬಿಡುವು ಕಿರಿದಾಯಿತು

ಹಳೆಯ ದಿನಗಳಲ್ಲಿ ಲಾರಿಯನ್ನು ನಿಲ್ಲಿಸುತ್ತಿದ್ದ ನಾಕಾಗಳು ಹಲವು. ಪ್ರತಿ ಊರಿನ ಬಾಗಿಲಲ್ಲಿ ಆಕ್ಟ್ರಾಯ್ ಕಟ್ಟೆ ಇತ್ತು. ಕರ್ನಾಟಕದಲ್ಲಿ 1979ರಲ್ಲಿ ಆಕ್ಟ್ರಾಯ್ ರದ್ದಾಗಿ ಪ್ರವೇಶ ತೆರಿಗೆ ಬಂದಿತು. ಮುಂಬಯಿಯಲ್ಲಿ ಆಕ್ಟ್ರಾಯ್ 2017ರವರೆಗೂ ಮುಂದುವರಿಯಿತು. ಆ ವರ್ಷದ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ರಾಜ್ಯಗಳ ಗಡಿಯಲ್ಲಿದ್ದ ವಾಣಿಜ್ಯ ತೆರಿಗೆ ತನಿಖಾ ಠಾಣೆಗಳು ಎದ್ದುಹೋದವು. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸರಕಿಗೂ ಇ–ವೇ ಬಿಲ್ ಜಾರಿಗೊಳಿಸಿದ ಮೊದಲ ರಾಜ್ಯ ಕರ್ನಾಟಕ. 2021ರ ಫೆಬ್ರವರಿಯಿಂದ ಟೋಲ್ ಕಟ್ಟೆಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು.

ರಸ್ತೆಯೂ ಬದಲಾಯಿತು. 1999ರಲ್ಲಿ ಶಂಕುಸ್ಥಾಪನೆಗೊಂಡ ರಾಷ್ಟ್ರೀಯ ಹೆದ್ದಾರಿ ಅಭಿವೃದ್ಧಿ ಯೋಜನೆಯ ಅಂಗವಾದ 5,846 ಕಿ.ಮೀ. ಉದ್ದದ ಸುವರ್ಣ ಚತುಷ್ಪಥದಲ್ಲಿ ಪಿ.ಬಿ. ರಸ್ತೆಯೂ ಸೇರಿತು. ಹಾವೇರಿ ಜಿಲ್ಲೆಯ ಭಾಗ ನಾಲ್ಕು ಪಥವಾಯಿತು. ಆದರೆ ಹುಬ್ಬಳ್ಳಿ–ಧಾರವಾಡ ಬೈಪಾಸ್ ಮಾತ್ರ ಸುಮಾರು ಎರಡು ದಶಕ ಎರಡೇ ಪಥದಲ್ಲಿ ಉಳಿದು, ಸರಣಿ ಅಪಘಾತಗಳಿಗೆ ಕುಖ್ಯಾತವಾಯಿತು. 2021ರ ಜನವರಿಯಲ್ಲಿ ದಾವಣಗೆರೆಯ ಮಹಿಳೆಯರ ತಂಡವೊಂದು ಅಲ್ಲಿ ದುರಂತಕ್ಕೀಡಾದ ಬಳಿಕ ವಿಸ್ತರಣೆಯ ಬೇಡಿಕೆ ತೀವ್ರಗೊಂಡಿತು. 2022ರಲ್ಲಿ ಷಟ್ಪಥ ಕಾಮಗಾರಿಗೆ ಶಂಕುಸ್ಥಾಪನೆಯಾಯಿತು.

ಈ ಬದಲಾವಣೆಗಳಿಂದ ಲಂಚ, ಕಿರುಕುಳ ಕಡಿಮೆಯಾದವೆಂದು ಚಾಲಕರು ಸಮಾಧಾನಪಡುತ್ತಾರೆ. ಸರಕು ಬೇಗ ಮುಟ್ಟುತ್ತದೆ, ವರ್ತಕರಿಗೆ ಲಾಭ. ಆದರೆ ನಾಕಾದ ಸಾಲಿನಲ್ಲಿ, ಗೋದಾಮಿನ ಅಂಗಳದಲ್ಲಿ ದೊರೆಯುತ್ತಿದ್ದ ನಿದ್ದೆಯೂ ಅದರೊಂದಿಗೆ ಹೋಯಿತು. ಕಾಯುವಿಕೆಯನ್ನು ಬಿಡುವೆಂದು ಕರೆದುಕೊಂಡು ಬದುಕಿದ ವೃತ್ತಿಯಲ್ಲಿ, ಕಾಯುವಿಕೆ ಕರಗಿದಾಗ ಅದರ ಜಾಗಕ್ಕೆ ನಿಜವಾದ ವಿಶ್ರಾಂತಿ ತಾನಾಗಿ ಬರಲಿಲ್ಲ. ಜಿಪಿಎಸ್ ಗಾಡಿ ಎಲ್ಲಿ ನಿಂತಿದೆ ಎಂಬುದನ್ನು ಕಚೇರಿಗೆ ತಿಳಿಸುತ್ತದೆ. ಚಾಲಕ ಎಷ್ಟು ಹೊತ್ತು ಮಲಗಿದ ಎಂಬುದನ್ನು ಯಾರೂ ಕೇಳುವುದಿಲ್ಲ. 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬ್ಲ್ಯಾಕ್‌ಬಕ್ ಮುಂತಾದ ಮೊಬೈಲ್ ವೇದಿಕೆಗಳು ಮರುಲೋಡನ್ನು ಹುಡುಕಿಕೊಡುತ್ತಿವೆ. ಕ್ಲೀನರನ ಹುದ್ದೆ ಎಷ್ಟೋ ಲಾರಿಗಳಲ್ಲಿ ಇಲ್ಲವಾಗಿದೆ. ಹೊಸ ಚಾಲಕರನ್ನು ತಯಾರಿಸುತ್ತಿದ್ದ ಹಳೆಯ ಶಾಲೆ ಹೀಗೆ ಮುಚ್ಚಿತು. ಚಾಲಕರ ಕೊರತೆಯ ಬಗ್ಗೆ ಉದ್ಯಮ ದೂರುತ್ತಿರುವಾಗಲೇ, 2019ರಲ್ಲಿ ಕೇಂದ್ರ ಸರ್ಕಾರ ಚಾಲಕರಿಗಿದ್ದ ಎಂಟನೆಯ ತರಗತಿಯ ವಿದ್ಯಾರ್ಹತೆಯನ್ನು ತೆಗೆದುಹಾಕಿತು.

ಇತ್ತೀಚಿನ ಕ್ರಮಗಳು

ಕೆಲವು ಸುಧಾರಣೆಗಳು ಆಗಿವೆ. ಹೊಸ ಲಾರಿಗಳ ಕ್ಯಾಬಿನ್ ಹವಾನಿಯಂತ್ರಿತವಾಗಿರಬೇಕೆಂದು 2023ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಟು, 2025ರಿಂದ ಜಾರಿಗೆ ಗುರಿಯಿರಿಸಲಾಯಿತು. ಕರ್ನಾಟಕದಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ 2024ರಲ್ಲಿ ಪ್ರತ್ಯೇಕ ಕಾಯ್ದೆ ರೂಪುಗೊಂಡಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ 1961ರ ಕಾಯ್ದೆ ವಿಲೀನಗೊಂಡಿದೆ.

ಚಾಲಕರು ಒಂದಾಗಿ ದನಿ ಎತ್ತಿದ ಸಂದರ್ಭಗಳು ವಿರಳ. 2024ರ ಜನವರಿಯ ಆರಂಭದಲ್ಲಿ ಅಂತಹ ಒಂದು ಸಂದರ್ಭ ಒದಗಿತು. ಅಪಘಾತ ಮಾಡಿ ವರದಿ ನೀಡದೆ ಪರಾರಿಯಾದವರಿಗೆ ಹತ್ತು ವರ್ಷಗಳವರೆಗೆ ಸೆರೆವಾಸ ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 106(2)ನೆಯ ಕಲಮಿನ ವಿರುದ್ಧ ದೇಶದ ಹಲವೆಡೆ ಲಾರಿಗಳು ನಿಂತವು. ನಿಂತರೆ ಜನ ಹೊಡೆಯುತ್ತಾರೆ, ಹೋದರೆ ಜೈಲು ಎಂಬುದು ಅವರ ಅಳಲಾಗಿತ್ತು. ಅದೇ ವರ್ಷದ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ತಡೆಹಿಡಿಯಲಾಯಿತು.

ಹಳೆಯ ಚಾಲಕರ ನೆನಪುಗಳನ್ನು ಗತವೈಭವದ ಹಂಬಲವೆಂದು ಬದಿಗಿಡುವುದು ಸುಲಭ. ಆದರೆ ಅವರು ನೆನೆಯುವುದು ಕಡಿಮೆ ಸಂಬಳವನ್ನಲ್ಲ, ಕಾದ ಕ್ಯಾಬಿನ್ನನ್ನಲ್ಲ. ಹೆಸರು ಹಿಡಿದು ಕರೆಯುತ್ತಿದ್ದ ಬುಕಿಂಗ್ ಗುಮಾಸ್ತ, ಪಕ್ಕದಲ್ಲಿ ಕೂತ ಕ್ಲೀನರ್, ನೆರಳಿನಲ್ಲಿ ಹಂಚಿ ಉಂಡ ಅನ್ನ, ಯಾರೂ ಎಬ್ಬಿಸದ ನಿದ್ದೆ ಇವುಗಳನ್ನು. ಅಂದಿನ ಕಂಪನಿಗಳು ಇವನ್ನು ಲೆಕ್ಕ ಹಾಕಿ ಕೊಟ್ಟವುಗಳಲ್ಲ. ವ್ಯವಸ್ಥೆಯ ನಿಧಾನಗತಿಯಿಂದ ತಾನಾಗಿ ಒದಗಿದವು. ವೇಗದ ರಸ್ತೆಯ ಕಾಲದಲ್ಲಿ ಅವು ತಾನಾಗಿ ಒದಗಲಾರವು. ಯಾರಾದರೂ ಲೆಕ್ಕ ಹಾಕಿಯೇ ಕೊಡಬೇಕಾಗಿದೆ. ಹೆದ್ದಾರಿಯ ಬದಿಯ ಒಂದು ಸುರಕ್ಷಿತ ತಂಗುದಾಣ, ದುಡಿದ ವರ್ಷಗಳಿಗೆ ಒಂದು ದಾಖಲೆ, ಎಂಟು ಗಂಟೆಯ ನಂತರ ಚಕ್ರ ಬಿಡುವ ಹಕ್ಕು: ಇವು 1961ರಲ್ಲಿಯೇ ಕಾಗದದ ಮೇಲೆ ಬಂದ ಆಶಯಗಳು. ಅವು ಚಾಲಕನ ಕೈಗೆ ಇನ್ನೂ ಪೂರ್ತಿಯಾಗಿ ತಲುಪಬೇಕಾಗಿದೆ.